ಹೊನ್ನಯ್ಯಕಾಲ

ರಾಹುಕಾಲ, ಗುಳಿಕಕಾಲ, ಯಮಗಂಡಕಾಲ, ಈ ಮೂರನ್ನು ಪಂಚಾಂಗ ಬರೆದವರು ಬಲ್ಲರು. ನಾಲ್ಕನೆಯ ಕಾಲವೊಂದು ಭದ್ರಾವತಿಯ ಜನ್ನಾಪುರದ ಒಂದು ಅಡ್ಡರಸ್ತೆಯಲ್ಲಿ ಮಾತ್ರ ಚಾಲ್ತಿಯಲ್ಲಿತ್ತು. ಅದರ ಹೆಸರು ಹೊನ್ನಯ್ಯಕಾಲ. ದಿನವೂ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬಂದು, ಒಂದು ನಿಮಿಷ ಇದ್ದು, ಹೋಗುತ್ತಿತ್ತು. ಆ ಒಂದು ನಿಮಿಷ ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಪರಮೇಶ್ ಸ್ಕೂಟರಿಗೆ ಕಿಕ್ ಹೊಡೆಯುತ್ತಿರಲಿಲ್ಲ. ಅವನ ಹೆಂಡತಿ ಕಲ್ಲಮ್ಮ ಹಾಲಿಗೆ ಹೆಪ್ಪು ಹಾಕುತ್ತಿರಲಿಲ್ಲ. ಮೂಲೆ ಅಂಗಡಿಯವನು ಸಾಲ ಕೇಳಿದರೂ ಸರಿಯೇ, ನಗದು ಕೊಟ್ಟರೂ ಸರಿಯೇ, ಕೈ ಮುಂದೆ ಚಾಚುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಜೇಬುಗಡಿಯಾರ. ಅದು ಪರಮೇಶನ ಎದುರು ಮನೆಯ ವೇದಾಳ ಗಂಡ ಮನೋಹರನ ತಂದೆ ಹೊನ್ನಯ್ಯನವರದು. ಹೊನ್ನಯ್ಯ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಹೊಳಲೂರಿನ ಮನೆ ಪಾಲಾದಾಗ ಅಣ್ಣಂದಿರಿಬ್ಬರಿಗೆ ಗದ್ದೆ ಹೋಯಿತು, ಇವರ ಪಾಲಿಗೆ ಅಪ್ಪನ ಗಡಿಯಾರ ಬಂತು. ಮುಚ್ಚಳ, ಸರಪಣಿ, ಹೊಟ್ಟೆಯ ಮೇಲೆ ಬಳ್ಳಿಯ ಕೆತ್ತನೆ ಇದ್ದ ಗಡಿಯಾರ. ಹೊನ್ನಯ್ಯ ಬದುಕಿರುವವರೆಗೆ ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಬೀದಿಯಲ್ಲಿ ಹೋಗುವಾಗ ಅದನ್ನು ಎದೆಗೆ ಹತ್ತಿರ ಹಿಡಿದು, ಮುಚ್ಚಳ ಅರ್ಧ ತೆರೆದು, "ಎರಡು ಗಂಟೆ" ಎಂದರೆ ಎರಡೇ ಗಂಟೆ. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. 'ಗಡಿಯಾರದ ಹೊನ್ನಯ್ಯ' ಎಂದೇ ಜನ್ನಾಪುರ ಅವರನ್ನು ಕರೆಯುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಹೊನ್ನಯ್ಯ, ಐದು ಗಂಟೆಗೆ ಹೆಂಡತಿ ಹುಚ್ಚಮ್ಮ ಕಾಫಿ ತಂದಾಗ ಏಳಲಿಲ್ಲ. ಯಾವ ಹೊತ್ತಿಗೆ ಪ್ರಾಣ ಹೋಯಿತೆಂದು ಕಂಡವರಿಲ್ಲ. ಹನ್ನೊಂದನೆಯ ದಿನ ಫೋಟೋದ ಮುಂದೆ ಎಡೆ ಇಡುವಾಗ, ಸತ್ತವರಿಗೆ ಇಷ್ಟವಾದ ಸಾಮಾನನ್ನೆಲ್ಲ ಜೋಡಿಸಿದರು. ಕೋಳಿಸಾರು, ಮುದ್ದೆ, ಒಂದು ಕಟ್ಟು ಬೀಡಿ, ಗಡಿಯಾರ. ಮನೋಹರ ಗಡಿಯಾರವನ್ನು ಎತ್ತಿಕೊಂಡು ಮುಚ್ಚಳ ತೆಗೆದ. ಮುಳ್ಳು ನಾಲ್ಕೂ ಹತ್ತರಲ್ಲಿ ನಿಂತಿತ್ತು. ಕಿವಿಗೆ ಹಿಡಿದ. ಸದ್ದಿಲ್ಲ. ಕೀ ತಿರುಗಿಸಿದ. ಬೆಣ್ಣೆಯೊಳಗೆ ಬೆರಳು ತಿರುಗಿಸಿದ ಹಾಗೆ ಸುಮ್ಮನೆ ತಿರುಗಿತು.

"ಅಪ್ಪ ಹೋಗಿದ್ದು ನಾಲ್ಕೂ ಹತ್ತಕ್ಕೆ," ಎಂದ ಮನೋಹರ. ಅವನ ಕಣ್ಣು ತುಂಬಿತ್ತು. "ಟೈಮನ್ನೂ ಜೊತೆಗೇ ತಗೊಂಡು ಹೋಗಿದಾರೆ."

ನೆಂಟರೆಲ್ಲ ಹೌದೌದೆಂದರು. ಒಬ್ಬಳು ಮಾತ್ರ ಏನೂ ಅನ್ನಲಿಲ್ಲ. ಅವಳು ವೇದಾ. ಅಂದು ಬೆಳಿಗ್ಗೆ ಅತ್ತೆ, "ಎಡೆಗೆ ಇಡೋ ಸಾಮಾನೆಲ್ಲ ತೊಳೆದುಕೊಡು" ಎಂದಿದ್ದರು. ವೇದಾ ದೀಪದ ಕಂಬ, ತಂಬಿಗೆ, ಆರತಿತಟ್ಟೆಗಳ ಜೊತೆ ಗಡಿಯಾರವನ್ನೂ ಹಿತ್ತಲಿನ ಕಲ್ಲಿನ ಮೇಲಿಟ್ಟು, ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಿನಿಂದ ಗಸಗಸ ತಿಕ್ಕಿ, ನಲ್ಲಿಗೆ ಹಿಡಿದಿದ್ದಳು. ಸಂದುಗೊಂದೆಲ್ಲ ಶುದ್ಧವಾಗಲೆಂದು ಮುಚ್ಚಳ ತೆಗೆದು ಒಳಗೂ ತಿಕ್ಕಿದ್ದಳು. ತಿಕ್ಕುವ ಭರಕ್ಕೆ ಕೀ ತಿರುಗಿ ಮುಳ್ಳುಗಳೂ ಜರುಗಿದ್ದವು. ಅವಳು ಕೆಲಸದಲ್ಲಿ ಯಾವಾಗಲೂ ಅಚ್ಚುಕಟ್ಟು. ತೊಳೆದ ಮೇಲೆ ಗಾಜಿನ ಒಳಗಡೆ ನಾಲ್ಕು ಹನಿ ನೀರು ಓಡಾಡಿದ್ದನ್ನು ಕಂಡು, ಹೊರಗಿನಿಂದ ಸೆರಗಿನಲ್ಲಿ ಒರೆಸಿ ಆರತಿತಟ್ಟೆಯಲ್ಲಿಟ್ಟಿದ್ದಳು.

ಆ ಕ್ಷಣ ಹೇಳಿದ್ದರೆ ಆಗುತ್ತಿತ್ತು. ಆದರೆ ಅಳುತ್ತಿರುವ ಗಂಡನಿಗೆ, ಹದಿನೆಂಟು ಜನ ನೆಂಟರ ಮುಂದೆ, "ಟೈಮನ್ನು ಮಾವ ತಗೊಂಡು ಹೋಗಲಿಲ್ಲ, ಹುಣಸೆಹಣ್ಣು ತಗೊಂಡು ಹೋಯಿತು" ಎಂದು ಹೇಳುವುದು ಹೇಗೆ. ಊಟವಾಗಲಿ, ಆಮೇಲೆ ಹೇಳೋಣ ಎಂದುಕೊಂಡಳು. ಆಮೇಲೆ ಎನ್ನುವುದು ಹನ್ನೆರಡು ವರ್ಷವಾಯಿತು.

ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಸುಲಭವೆಂದು ತಿಳಿದವರು ಬಹಳ ಜನ. ಸುಮ್ಮನಿದ್ದದ್ದು ಮಾತ್ರ ಸುಮ್ಮನಿರುವುದಿಲ್ಲ, ಬೆಳೆಯುತ್ತದೆ. ಮೊದಲ ವರ್ಷದ ಎಡೆಗೇ ಮನೋಹರ ಕಾನೂನು ಮಾಡಿದ. ಅಪ್ಪ ಹೋದ ಹೊತ್ತಿಗೇ ಎಡೆ, ಎಡೆಯಾದ ಮೇಲೇ ಊಟ. ಬೆಳಿಗ್ಗೆ ಹತ್ತಕ್ಕೆ ಬಂದ ನೆಂಟರು, ಹನ್ನೆರಡಕ್ಕೇ ಘಮ್ಮೆನ್ನುವ ಕೋಳಿಸಾರಿನ ವಾಸನೆ ಕುಡಿಯುತ್ತ ನಾಲ್ಕೂ ಹತ್ತರವರೆಗೆ ಗೋಡೆಗೊರಗಿ ಕೂರಬೇಕಾಯಿತು. ಹುಚ್ಚಮ್ಮನವರ ತಮ್ಮ ಷಣ್ಮುಖಪ್ಪನಿಗೆ ಸಕ್ಕರೆ ಕಾಯಿಲೆ. ಮೂರನೆಯ ವರ್ಷ ಅವರು ಮೂರೂವರೆಗೆ ಬೆವರಿ, ಕಣ್ಣು ಮೇಲೆ ಮಾಡಿ, ಬಾಗಿಲ ಬಳಿಯ ಚಪ್ಪಲಿಗಳ ಮೇಲೆ ಒರಗಿದರು. ಬಾಯಿಗೆ ಬೆಲ್ಲ ಹಾಕಿ ಎಬ್ಬಿಸಿದಾಗ ಅವರು ಕೇಳಿದ ಮೊದಲ ಮಾತು, "ಟೈಮೆಷ್ಟಾಯ್ತು?" ಎಂಬುದು. ಮೂರೂ ನಲವತ್ತು ಎಂದು ತಿಳಿದು ಮತ್ತೆ ಕಣ್ಣು ಮುಚ್ಚಿಕೊಂಡರು. ಅಂದು ಅವರಿಗೆ ಬೀಸಣಿಗೆ ಬೀಸುತ್ತಿದ್ದವಳು ವೇದಾ. ಅವಳು ತಲೆ ಎತ್ತಲಿಲ್ಲ.

ಪಾಲಿಟೆಕ್ನಿಕ್ ಆಫೀಸಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಮನೋಹರನಿಗೆ, ಅಪ್ಪನ ಗಡಿಯಾರ ಒಂಟಿಯಾಗಿದೆ ಅನ್ನಿಸಿತು. ಶಿವಮೊಗ್ಗದ ಗಾಂಧಿ ಬಜಾರಿನ ಗುಜರಿ ಅಂಗಡಿಗಳು, ಹಳೆಯ ಪಟೇಲರ ಮನೆಗಳು, ಸತ್ತ ವಕೀಲರ ಹೆಂಡತಿಯರು, ಎಲ್ಲೆಲ್ಲೂ ಸುತ್ತಿ ಹದಿನೇಳು ಜೇಬುಗಡಿಯಾರ ಕೂಡಿಸಿದ. ವೇದಾಳ ಮದುವೆಯ ಸೀರೆ ಇಡುತ್ತಿದ್ದ ಪೆಟ್ಟಿಗೆಗೆ ಮಖಮಲ್ಲು ಹಾಸಿ, ಅಪ್ಪನ ಗಡಿಯಾರದ ಸುತ್ತ ಅವನ್ನು ಮಲಗಿಸಿದ. ಸೀರೆ ಬೀರುವಿನ ಮೇಲೆ ಹೋಯಿತು. ಪ್ರತಿ ಶುಕ್ರವಾರ ಒಂದೊಂದನ್ನೂ ಹಳೆಯ ರೇಷ್ಮೆ ಚೂರಿನಿಂದ ಒರೆಸುವುದು, ಕೊರಳಿಗೆ ಕಟ್ಟಿದ ಚೀಟಿ ಓದುವುದು, 'ಶಿಕಾರಿಪುರದ ಪಟೇಲರದು, ಬಲಗಾಲು ಕುಂಟು' ಎನ್ನುವುದು. ಹದಿನೇಳಕ್ಕೂ ಮುಳ್ಳನ್ನು ನಾಲ್ಕೂ ಹತ್ತಕ್ಕೇ ತಿರುಗಿಸಿಟ್ಟಿದ್ದ. ಅವುಗಳಲ್ಲೊಂದು ಚೆನ್ನಾಗಿ ಓಡುತ್ತಿತ್ತು. ಅದಕ್ಕೆ ಕೀ ಕೊಡುವುದನ್ನೇ ನಿಲ್ಲಿಸಿದ.

"ಓಡೋದನ್ನ ಯಾಕೆ ನಿಲ್ಲಿಸ್ತೀರಿ?" ಎಂದು ವೇದಾ ಒಮ್ಮೆ ಕೇಳಿದ್ದಳು.

"ಹಿರಿಯರ ಎದುರಿಗೆ ಕಿರಿಯರು ಬೇರೆ ಟೈಮು ತೋರಿಸಬಾರ್ದು ಮಾರಾಯ್ತಿ," ಎಂದಿದ್ದ ಅವನು. ತಮಾಷೆಗಲ್ಲ.

ಇದನ್ನೆಲ್ಲ ಕಂಡು ಕಲ್ಲಮ್ಮ ಬೀದಿಗೆ ಹಬ್ಬಿಸಿದಳು. ಅವಳ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ನಾಲ್ಕೂ ಹತ್ತಕ್ಕೆ ಹೊರಟವರ ಕಾರು ಪಂಕ್ಚರ್ ಆಯಿತು. ಅಲ್ಲಿಗೆ ಹೊನ್ನಯ್ಯಕಾಲಕ್ಕೆ ಶಾಸ್ತ್ರ ಸಿಕ್ಕಿತು. ಆಸ್ಪತ್ರೆಗೆ ಹೊರಟವರು, ಕೊಟ್ಟಿಗೆಗೆ ಎಮ್ಮೆ ತರುವವರು ಬಂದು, "ವೇದಕ್ಕ, ನಿಮ್ಮ ಮಾವನೋರಿಗೆ ಒಂದು ಮಾತು ಹೇಳಿ" ಎಂದು ಊದುಬತ್ತಿ ಕೊಟ್ಟು ಹೋಗುತ್ತಿದ್ದರು. ವೇದಾ ಊದುಬತ್ತಿ ಹಚ್ಚುತ್ತಿದ್ದಳು. ಹಚ್ಚುವಾಗ ಗಡಿಯಾರದ ಕಡೆ ನೋಡುತ್ತಿರಲಿಲ್ಲ. ಹುಣಸೆಹಣ್ಣು ಕಿವುಚುವಾಗಲೂ ಅವಳು ಬೇರೆ ಕಡೆ ನೋಡುತ್ತಿದ್ದಳು. ಸಾರಿಗೆ ಕೆಲವು ಸಲ ಹುಣಸೆ ಬೀಜ ಬಿದ್ದದ್ದು ಹಾಗೆಯೇ.

ಹೀಗಿರುವಾಗ ಶಿವಮೊಗ್ಗದ ಹಳೆಯ ವಸ್ತು ಸಂಗ್ರಾಹಕರ ಬಳಗದಿಂದ ಮನೋಹರನಿಗೆ ಪತ್ರ ಬಂತು. ಆಲ್ಕೊಳ ಸರ್ಕಲ್ ಹತ್ತಿರದ ಸಮುದಾಯ ಭವನದಲ್ಲಿ ಪ್ರದರ್ಶನ. ತಮ್ಮ ಗಡಿಯಾರಗಳಿಗೆ ವಿಶೇಷ ಮೇಜು. ಮನೋಹರ ಪತ್ರವನ್ನು ಮೂರು ಸಲ ಓದಿದ. ಮೂರನೆಯ ಸಲ ಗಟ್ಟಿಯಾಗಿ ಓದಿದ ಸಾಲು ಇದು: "ಐವತ್ತು ವರ್ಷಗಳ ಅನುಭವವಿರುವ ಗಡಿಯಾರ ರಿಪೇರಿಯ ಶ್ರೀ ಗೋವಿಂದಯ್ಯನವರು ಪ್ರತಿಯೊಂದು ಗಡಿಯಾರವನ್ನೂ ಸಭಿಕರ ಎದುರು ಬಿಚ್ಚಿ, ಅದರ ಒಳಯಂತ್ರವನ್ನು ಪರಿಶೀಲಿಸಿ, ವಿವರ ನೀಡುವರು."

ಒಗ್ಗರಣೆ ಹಾಕುತ್ತಿದ್ದ ವೇದಾ ಒಲೆ ಆರಿಸಿ ಬಾಗಿಲಿಗೆ ಬಂದಳು.

"ಬಿಚ್ಚಿ ಅಂದ್ರೆ? ಒಳಗೆಲ್ಲ ನೋಡ್ತಾರಾ?"

"ಒಳಗೆ ನೋಡದೆ ಹೊರಗೆ ನೋಡೋಕೆ ಗೋವಿಂದಯ್ಯ ಯಾಕೆ ಬೇಕು? ಅಪ್ಪನ ಗಡಿಯಾರದ ಒಳಗೆ ಏನಿದೆ ಅಂತ ಜನಕ್ಕೆ ಗೊತ್ತಾಗ್ಲಿ."

ಒಳಗೆ ಏನಿದೆಯೆಂದು ವೇದಾಳಿಗೆ ಗೊತ್ತಿತ್ತು. ಹನ್ನೆರಡು ವರ್ಷದ ಹುಣಸೆ ನಾರು. ಸರಿಯಾಗಿ ತೊಳೆದಿರದಿದ್ದರೆ ಒಂದು ಬೀಜ.

ಬಹಿರಂಗಕ್ಕೆ ಹೆದರಿದವರು ಮೊದಲು ಮಾಡುವ ಕೆಲಸವನ್ನೇ ಅವಳೂ ಮಾಡಿದಳು. ವಸ್ತುವನ್ನು ಬಚ್ಚಿಟ್ಟಳು. ಪ್ರದರ್ಶನಕ್ಕೆ ಎರಡು ದಿನ ಇರುವಾಗ, ಗಂಡ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಗಡಿಯಾರ ಪೆಟ್ಟಿಗೆಯಿಂದ ಎದ್ದು ಅಡಿಗೆಮನೆಯ ರಾಗಿಹಿಟ್ಟಿನ ಡಬ್ಬಿಯ ತಳ ಸೇರಿತು. ಪ್ರದರ್ಶನ ಮುಗಿದ ಮೇಲೆ 'ಸಿಕ್ಕಿದರೆ' ಆಯಿತು ಎಂಬುದು ಅವಳ ಯೋಜನೆ.

ಅಂದು ಶುಕ್ರವಾರ, ಒರೆಸುವ ದಿನ ಎಂಬುದನ್ನು ಮಾತ್ರ ಮರೆತಿದ್ದಳು.

ಹತ್ತು ನಿಮಿಷದೊಳಗೆ ಬೀದಿಗೆ ಬೀದಿಯೇ ಅಂಗಳದಲ್ಲಿತ್ತು. ಮನೋಹರ ಒದ್ದೆ ಮೈಯಲ್ಲಿ, ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು, ಖಾಲಿ ಗುಳಿಯನ್ನು ತೋರಿಸುತ್ತ ನಿಂತಿದ್ದ. ಪರಮೇಶ್ ಬನಿಯನ್ನಿನ ಮೇಲೆ ಟೋಪಿ ಹಾಕಿಕೊಂಡು ಬಂದ. ಯೂನಿಫಾರಂ ಇಸ್ತ್ರಿಗೆ ಹೋಗಿತ್ತು.

"ನಿನ್ನೆಯಿಂದ ಮನೆಯೊಳಗೆ ಯಾರ್ಯಾರು ಬಂದಿದ್ರು?" ಎಂದು ತನಿಖೆ ಶುರುಮಾಡಿದ.

"ನಲ್ಲಿ ರಿಪೇರಿ ಸಿದ್ದು ಬಂದಿದ್ದ," ಎಂದಳು ಕಲ್ಲಮ್ಮ. ತನ್ನದಲ್ಲದ ಮನೆಯ ಲೆಕ್ಕ ಅವಳ ಬಾಯಲ್ಲೇ ಇರುತ್ತಿತ್ತು. "ಒಂದು ಗಂಟೆ ಇದ್ದ. ವಾಷರ್ ಹಾಕೋಕೆ ಒಂದು ಗಂಟೆ ಬೇಕಾ?"

ಸಿದ್ದುವನ್ನು ಅವನ ಅಂಗಡಿಯಿಂದ ಕರೆತಂದರು. ಐವತ್ತು ದಾಟಿದ, ಎರಡು ಹೆಣ್ಣುಮಕ್ಕಳ ಮದುವೆ ಮಾಡಿದ ಮನುಷ್ಯ. ಅವನ ಚೀಲದ ಸ್ಪ್ಯಾನರು, ದಾರ, ವಾಷರುಗಳನ್ನೆಲ್ಲ ಜಗುಲಿಯ ಮೇಲೆ ಸುರಿದರು. ಪರಮೇಶ್ ಅವನ ಚಪ್ಪಲಿ ಬಿಚ್ಚಿಸಿ ಅಟ್ಟೆ ಬಗ್ಗಿಸಿ ನೋಡಿದ.

"ಸಾರ್, ಚಪ್ಪಲೀಲಿ ಗಡಿಯಾರ ಇಟ್ಕೊಂಡು ನಡೆಯೋಕಾಗುತ್ತಾ?" ಎಂದ ಸಿದ್ದು.

"ನೀನು ಕುಂಟ್ತಾ ಬಂದೆ."

"ಅದು ಮೊಣಕಾಲು ನೋವು ಸಾರ್. ನಾಲ್ಕು ವರ್ಷ ಆಯ್ತು."

ವೇದಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಸಿದ್ದು ಅವಳ ಕಡೆ ತಿರುಗಿ, "ಅಕ್ಕಾ, ನೀವಾದ್ರೂ ಹೇಳಿ. ನೀವು ಕೊಟ್ಟ ಟೀ ಕುಡಿದು ಹೋದೆ, ಅಷ್ಟೇ ಅಲ್ವಾ?" ಎಂದ. ಅವಳಿಗೆ ಭೂಮಿ ಬಾಯಿ ಬಿಡಲಿ ಅನ್ನಿಸಿತು. ಜನ್ನಾಪುರದ ಸಿಮೆಂಟ್ ಅಂಗಳಗಳು ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಅವಳು ಸರ್ರನೆ ಒಳಗೆ ಹೋಗಿ, ರಾಗಿ ಡಬ್ಬಿಗೆ ಮೊಣಕೈವರೆಗೆ ಕೈ ಹಾಕಿ, "ಇಲ್ಲಿದೆ. ಸಿಕ್ತು" ಎಂದು ಕೂಗಿದಳು.

ರಾಗಿಹಿಟ್ಟು ಮೆತ್ತಿದ ಗಡಿಯಾರವನ್ನು ಅಂಗಳಕ್ಕೆ ತಂದಾಗ ಎಲ್ಲರೂ ಸುತ್ತ ಮುಗಿಬಿದ್ದರು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಯಾರಾದರೂ ಕೇಳುವ ಮೊದಲೇ ಮನೋಹರ ಎರಡು ಕೈಯೊಡ್ಡಿ ಅದನ್ನು ತೆಗೆದುಕೊಂಡ.

"ಮುದ್ದೆ," ಎಂದ. "ಅಪ್ಪನಿಗೆ ಮುದ್ದೆ ಅಂದ್ರೆ ಪ್ರಾಣ. ಹದಿನೈದು ದಿನದಿಂದ ನಾವು ಮುದ್ದೆ ಮಾಡಿಲ್ಲ. ಚಪಾತಿ, ಚಪಾತಿ, ಚಪಾತಿ. ತಾವೇ ಹುಡುಕ್ಕೊಂಡು ಹೋಗಿದಾರೆ."

ಕಲ್ಲಮ್ಮ ಕೈ ಮುಗಿದಳು. ಪರಮೇಶ್ ಟೋಪಿ ತೆಗೆದ. ಸಿದ್ದು ಮಾತ್ರ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಚೀಲಕ್ಕೆ ವಾಷರುಗಳನ್ನು ಒಂದೊಂದಾಗಿ ತುಂಬಿಕೊಂಡು, ಕುಂಟುತ್ತ ಹೋದ. ಅಂದು ರಾತ್ರಿ ಮನೆಯಲ್ಲಿ ಮುದ್ದೆ. ವೇದಾಳಿಗೆ ಒಂದು ತುತ್ತೂ ಇಳಿಯಲಿಲ್ಲ.

ಭಾನುವಾರ ಒಂದು ಟೆಂಪೋ ಟ್ರಾವೆಲರ್ ತುಂಬ ಜನ ಶಿವಮೊಗ್ಗಕ್ಕೆ ಹೊರಟರು. ಎಂಬತ್ತಮೂರರ ಹುಚ್ಚಮ್ಮ ಎಲೆಅಡಿಕೆ ಚೀಲದೊಂದಿಗೆ, ಷಣ್ಮುಖಪ್ಪ ಜೇಬಿನಲ್ಲಿ ಬಿಸ್ಕತ್ತಿನೊಂದಿಗೆ, ಪರಮೇಶ್ ಇಸ್ತ್ರಿಯಾದ ಯೂನಿಫಾರಂನೊಂದಿಗೆ. ಸಿದ್ದುವನ್ನೂ ಮನೋಹರ ಒತ್ತಾಯ ಮಾಡಿ ಕರೆತಂದಿದ್ದ. "ಅವನ ಮೇಲೆ ಅನುಮಾನ ಪಟ್ವಿ. ಅಪ್ಪನ ಎದುರಿಗೆ ತಪ್ಪಾಯ್ತು ಅನ್ನಬೇಕು," ಎಂದಿದ್ದ. ಗಂಡನ ಒಳ್ಳೆಯತನ ಕೂಡ ಆ ದಿನಗಳಲ್ಲಿ ವೇದಾಳಿಗೆ ಚುಚ್ಚುತ್ತಿತ್ತು.

ಸಮುದಾಯ ಭವನದಲ್ಲಿ ಗ್ರಾಮಾಫೋನು, ಕಂಚಿನ ಪಡಿ, ನಾಣ್ಯ, ಅಂಚೆಚೀಟಿಗಳ ಮೇಜುಗಳು. ಮಧ್ಯದಲ್ಲಿ ಮನೋಹರನ ಮೇಜು. ಅವನ ಕೋರಿಕೆಯ ಮೇರೆಗೆ ಹೊನ್ನಯ್ಯನವರ ಗಡಿಯಾರವನ್ನು ಸರಿಯಾಗಿ ನಾಲ್ಕೂ ಹತ್ತಕ್ಕೆ ತೆರೆಯುವುದೆಂದು ನಿಗದಿಯಾಗಿತ್ತು. ಬಳಗದ ಕಾರ್ಯದರ್ಶಿ ಧ್ವನಿವರ್ಧಕದ ಒಂದು ಕೊಂಬನ್ನು ಹೊರಗೆ ಸರ್ಕಲ್ಲಿನ ಕಡೆಗೂ ತಿರುಗಿಸಿದ್ದ. ಜನ ಬರಲಿ ಎಂದು.

ಗೋವಿಂದಯ್ಯನವರು ಎಪ್ಪತ್ತೇಳು ವರ್ಷದ ಸಣಕಲು ಮನುಷ್ಯ. ಅವರ ಬೆರಳುಗಳು ಮಾತ್ರ ಇಪ್ಪತ್ತರವು. ಹದಿನೇಳು ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ, "ಇದು ಸ್ವಿಸ್", "ಇದಕ್ಕೆ ಇಂಗ್ಲೆಂಡಿನ ಮೈ, ಬಾಂಬೆಯ ಹೃದಯ", "ಇದು ಚೆನ್ನಾಗಿದೆಯಲ್ಲಪ್ಪ, ಯಾಕೆ ಕೀ ಕೊಟ್ಟಿಲ್ಲ?" ಎಂದೆಲ್ಲ ಹೇಳಿದರು. ನಾಲ್ಕೂ ಎಂಟಾಯಿತು. ಮನೋಹರ ಮೈಕು ಹಿಡಿದು ಕಥೆ ಹೇಳಿದ. ಅಪ್ಪ, ಮಧ್ಯಾಹ್ನದ ನಿದ್ದೆ, ಟೈಮನ್ನು ಜೊತೆಗೆ ಕೊಂಡುಹೋದದ್ದು, ರಾಗಿ ಡಬ್ಬಿ. ಸಭೆಯಲ್ಲಿ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವನು ಸಿದ್ದುವನ್ನು ಮುಂದಕ್ಕೆ ಕರೆದ. "ಇವರ ಮೇಲೆ ನಾವು ಅನುಮಾನ ಪಟ್ವಿ. ಎಲ್ಲರ ಎದುರಿಗೆ ಕ್ಷಮೆ ಕೇಳ್ತೀನಿ," ಎಂದು ಅರುವತ್ತೈದು ವರ್ಷದ ಮನೋಹರ ಬಾಗಿದ.

ಸಿದ್ದು, "ಬೇಡ ಸಾರ್, ಬೇಡ" ಎಂದು ಹಿಂದಕ್ಕೆ ಸರಿದ. ಗೋವಿಂದಯ್ಯ ಐಗ್ಲಾಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಿಂಬದಿ ಮುಚ್ಚಳದ ಅಂಚಿಗೆ ಚಾಕುವಿನ ತುದಿ ಇಟ್ಟರು.

"ತಡೀರಿ," ಎಂದಳು ವೇದಾ.

ಅವಳು ಯಾವಾಗ ಎದ್ದಳು, ಯಾವಾಗ ಮೇಜಿನ ಬಳಿ ಬಂದಳು ಎಂಬುದು ಅವಳಿಗೇ ತಿಳಿಯಲಿಲ್ಲ. ಮಾತನಾಡುವವರು ಮೈಕಿನಲ್ಲೇ ಮಾತನಾಡಬೇಕೆಂದು ತಿಳಿದಿದ್ದ ಕಾರ್ಯದರ್ಶಿ ಅದನ್ನು ಅವಳ ಬಾಯಿಗೆ ಹಿಡಿದ.

"ಅದು ಮಾವ ಹೋದಾಗ ನಿಂತಿದ್ದಲ್ಲ. ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಎಡೆಗೆ ಇಡೋಕೆ. ಮುಚ್ಚಳ ತೆಗೆದು ನಲ್ಲಿಗೆ ಹಿಡಿದೆ. ಅದಕ್ಕೇ ಕೆಟ್ಟಿದ್ದು. ರಾಗಿ ಡಬ್ಬಿಗೆ ಹಾಕಿದ್ದೂ ನಾನೇ. ಸಿದ್ದಣ್ಣನ ಚಪ್ಪಲಿ ಬಿಚ್ಚಿಸುವಾಗ ನನಗೆ ಗೊತ್ತಿತ್ತು."

'ಹುಣಸೆಹಣ್ಣು' ಎಂಬ ಶಬ್ದ ಕೊಂಬಿನಿಂದ ಹೊರಟು ಆಲ್ಕೊಳ ಸರ್ಕಲ್ಲನ್ನು ಒಂದು ಸುತ್ತು ಹಾಕಿ ಬಂತು. ಹೊರಗೆ ಸಿಗ್ನಲ್ಲಿಗೆ ಕಾಯುತ್ತಿದ್ದ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು.

ಮೊದಲು ಮಾತನಾಡಿದವರು ಷಣ್ಮುಖಪ್ಪ. ಅವರು ನಿಧಾನವಾಗಿ ಎದ್ದು ನಿಂತರು.

"ಅಂದ್ರೆ, ಭಾವ ಹೋಗಿದ್ದು ನಾಲ್ಕೂ ಹತ್ತಕ್ಕಲ್ಲ?"

"ಗೊತ್ತಿಲ್ಲ ಮಾವ."

"ಹನ್ನೆರಡು ವರ್ಷ ನಾವು ಉಪವಾಸ ಕೂತಿದ್ದು ಭಾವನಿಗಲ್ಲ, ಹುಣಸೆಹಣ್ಣಿಗೆ?"

ಷಣ್ಮುಖಪ್ಪ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಎಲ್ಲರಿಗೂ ಕಾಣುವಂತೆ ಒಂದನ್ನು ಬಾಯಿಗಿಟ್ಟುಕೊಂಡು, ಸ್ವಾತಂತ್ರ್ಯ ಬಂದವರಂತೆ ಅಗಿದರು. "ಮುಂದಿನ ವರ್ಷದಿಂದ ಒಂದು ಗಂಟೆಗೆ ಊಟ," ಎಂದರು. ಹಿಂದಿನ ಸಾಲಿನ ನೆಂಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಪರಮೇಶ್ ತನ್ನ ಹೆಂಡತಿಯ ಕಡೆ ತಿರುಗಿ, "ನಾಲ್ಕು ವರ್ಷದಿಂದ ನಾನು ಡ್ಯೂಟಿಗೆ ಲೇಟಾಗಿ ಹೋಗ್ತಿದೀನಿ," ಎಂದ. ಕಲ್ಲಮ್ಮ ಅವನಿಗೆ ಉತ್ತರ ಕೊಡದೆ ಪಕ್ಕದವಳಿಗೆ ಪಿಸುಗುಟ್ಟಿದಳು. "ಅದಕ್ಕೇ ಅಷ್ಟು ಪಳಪಳ ಅಂತಿತ್ತು. ನಾನು ಪವಾಡ ಅಂದ್ಕೊಂಡಿದ್ದೆ." ಸಿದ್ದು ಮಾತ್ರ ಹತ್ತಿರ ಬಂದು, "ಅಕ್ಕಾ, ಅವತ್ತೇ ಒಂದು ಮಾತು ಅಂದಿದ್ರೆ ಆಗ್ತಿರಲಿಲ್ವಾ?" ಎಂದ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವನು ಬರೇ ಕೇಳಿದ್ದ.

ಮನೋಹರ ಮೈಕು ಇಲ್ಲದ ಕೈಯನ್ನು ಇನ್ನೂ ಮೈಕು ಹಿಡಿದ ಹಾಗೆಯೇ ಹಿಡಿದು ನಿಂತಿದ್ದ.

ಈ ಗಲಾಟೆಯಲ್ಲಿ ಗೋವಿಂದಯ್ಯ ಮುಚ್ಚಳ ತೆರೆದಿದ್ದರು. ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಚಿಮಟದಿಂದ ಕೂದಲಿನಂಥದೊಂದನ್ನು ಎತ್ತಿ, "ಹೌದು, ನಾರಿದೆ" ಎಂದರು. ಆಮೇಲೆ ಮುಚ್ಚಳದ ಒಳಮೈಯನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿ, ಐಗ್ಲಾಸು ಕಳಚಿಟ್ಟು, "ಟೀ ಕುಡಿದು ಬರೋಣ" ಎಂದುಬಿಟ್ಟರು.

ಸಭೆ ಟೀಯ ಕಡೆಗೆ ಹೊರಟಿತು. ಹೋಗುವಾಗ ಪ್ರತಿಯೊಬ್ಬರೂ ವೇದಾಳನ್ನು ಒಮ್ಮೆ ನೋಡಿಕೊಂಡೇ ಹೋದರು. ಅವಳೂ ಒಂದು ಪ್ರದರ್ಶನದ ವಸ್ತುವೇ ಎಂಬಂತೆ. ಅವಳು ಕಂಬದ ಹಿಂದೆ ನಿಂತಿದ್ದಾಗ ಗೋವಿಂದಯ್ಯ ಕೈಸನ್ನೆ ಮಾಡಿ ಕರೆದರು.

"ಬನ್ನಿ ತಾಯಿ. ಇದನ್ನ ಕಣ್ಣಿಗೆ ಹಾಕ್ಕೊಂಡು ಇಲ್ಲಿ ನೋಡಿ."

ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಇರುವೆ ಸಾಲಿನಂಥ ಅಕ್ಷರ. 'ಗೋ. 6-78. ಸ್ಪ್ರಿಂಗ್ ಇಲ್ಲ. ರಿಪೇರಿ ಆಗಲ್ಲ.'

"ನಾವು ಬಿಚ್ಚಿದ ಗಡಿಯಾರಕ್ಕೆ ಒಳಗಡೆ ಗುರುತು ಹಾಕ್ತೀವಿ. ಮುಂದೆ ಬಿಚ್ಚೋನಿಗೆ ಗೊತ್ತಾಗ್ಲಿ ಅಂತ. ಈ ಅಕ್ಷರ ನಂದೇ. ಎಪ್ಪತ್ತೆಂಟರಲ್ಲೇ ಇದು ಸತ್ತಿತ್ತು ತಾಯಿ. ನೀವು ಹೆಣಕ್ಕೆ ಸ್ನಾನ ಮಾಡಿಸಿದೀರಿ, ಅಷ್ಟೇ."

ವೇದಾ ಐಗ್ಲಾಸನ್ನು ಕಣ್ಣಿನಿಂದ ಕೆಳಗಿಳಿಸಿದಳು. "ಮತ್ತೆ ಮಾವ ದಿನಾ ಟೈಮು ಹೇಳ್ತಿದ್ರಲ್ಲ. ಒಂದು ನಿಮಿಷ ತಪ್ಪದ ಹಾಗೆ?"

"ಯಾವಾಗ ಹೇಳ್ತಿದ್ರು?"

ಅವಳು ನೆನಪು ಮಾಡಿಕೊಂಡಳು. ಬೆಳಿಗ್ಗೆ ಆರು. ಮಧ್ಯಾಹ್ನ ಎರಡು. ರಾತ್ರಿ ಹತ್ತು. ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು. ಮೊದಲು ಸೈರನ್ ಕೂಗುತ್ತಿತ್ತು. ಆಮೇಲೆ ಮಾವ ಜೇಬಿಗೆ ಕೈ ಹಾಕುತ್ತಿದ್ದರು. ಊರಿಗೆ ಊರೇ ಕೇಳಿದ ಸೈರನ್ನನ್ನು ಅವರು ಎದೆಗೆ ಹಿಡಿದುಕೊಂಡು ಓದಿ ಹೇಳುತ್ತಿದ್ದರು.

"ನನ್ನ ಕೈ ಹಿಡ್ಕೊಂಡ್ರು ಅವತ್ತು," ಎಂದರು ಗೋವಿಂದಯ್ಯ. "ಅಣ್ಣಂದಿರು ಗದ್ದೆ ತಗೊಂಡ್ರು, ನನಗೆ ಬಂದಿದ್ದು ಇದೊಂದೇ. ಓಡಲ್ಲ ಅಂದ್ರೆ ನಗ್ತಾರೆ, ಯಾರಿಗೂ ಹೇಳಬೇಡ ಅಂದ್ರು. ಮಾತು ಕೊಟ್ಟೆ. ಈಗ ಅವರಿಲ್ಲ. ನೀವು ಹ್ಞೂಂ ಅಂದ್ರೆ ಮೈಕಲ್ಲಿ ಹೇಳ್ತೀನಿ. ನಿಮ್ಮ ಮೇಲಿನ ಅಪವಾದ ಈಗಲೇ ಹೋಗುತ್ತೆ."

ವೇದಾ ಮೇಜಿನ ಕಡೆ ನೋಡಿದಳು. ಮನೋಹರ ಒಬ್ಬನೇ ನಿಂತು ಹದಿನೇಳು ಗಡಿಯಾರಗಳನ್ನು ರೇಷ್ಮೆ ಚೂರಿನಿಂದ ಒರೆಸುತ್ತಿದ್ದ. ಶುಕ್ರವಾರವಲ್ಲದಿದ್ದರೂ ಒರೆಸುತ್ತಿದ್ದ. ಯಾರೋ ತಡವಾಗಿ ಬಂದ ದಂಪತಿ ಏನೋ ಕೇಳಿದರು. ಅವನು ಖಾಲಿ ಗುಳಿಯನ್ನು ತೋರಿಸಿ ಹೇಳಿದ್ದು ಅವಳಿಗೆ ಕೇಳಿಸಿತು.

"ಅದು ನಮ್ಮ ಅಪ್ಪಂದು. ಅವರಿದ್ದಾಗ ಒಂದು ನಿಮಿಷ ತಪ್ಪಿರಲಿಲ್ಲ. ಆಮೇಲೆ ನಾವೇ ಹಾಳು ಮಾಡಿದ್ವಿ."

'ಅವಳು' ಎನ್ನಲಿಲ್ಲ. 'ನಾವು' ಎಂದ.

ವೇದಾ ಐಗ್ಲಾಸನ್ನು ವಾಪಸು ಕೊಟ್ಟಳು. "ಬೇಡ ಸ್ವಾಮಿ. ಮುಚ್ಚಿಬಿಡಿ," ಎಂದಳು. ಗೋವಿಂದಯ್ಯ ಹೆಬ್ಬೆರಳಿನಿಂದ ಒತ್ತಿದರು. ಟಪ್ಪೆಂದಿತು. ಆ ಗಡಿಯಾರ ನಲವತ್ತೇಳು ವರ್ಷಗಳಲ್ಲಿ ಮಾಡಿದ ಸದ್ದು ಅದೊಂದೇ ಇರಬೇಕು.

ವಾಪಸು ಬರುವಾಗ ಟೆಂಪೋದಲ್ಲಿ ವೇದಾಳ ಪಕ್ಕದ ಸೀಟು ಖಾಲಿಯಿತ್ತು. ಎಲ್ಲರಿಗೂ ಬೇರೆ ಕಡೆ ಜಾಗ ಸಿಕ್ಕಿತ್ತು. ಕೊನೆಗೆ ಹುಚ್ಚಮ್ಮ ಬಂದು ಕೂತು, ಎಲೆಗೆ ಸುಣ್ಣ ಹಚ್ಚುತ್ತ, ರಸ್ತೆಯ ಕಡೆ ನೋಡುತ್ತ ಕೇಳಿದರು.

"ಆ ಮುದುಕ ಏನಂದ?"

"ಏನಿಲ್ಲ ಅತ್ತೆ."

"ಸುಳ್ಳು ಹೇಳೋಕೆ ನಿಂಗೆ ಇನ್ನೂ ಬರಲ್ಲ. ಅದು ಯಾವತ್ತು ಓಡಿತ್ತು? ಮೂವತ್ತೈದು ವರ್ಷ ನನ್ನ ತಲೆದಿಂಬಿನ ಹತ್ರ ಇತ್ತು. ಒಂದಿನ ಟಿಕ್ ಅಂದಿದ್ದು ಕೇಳಲಿಲ್ಲ."

ವೇದಾ ಅತ್ತೆಯನ್ನೇ ನೋಡಿದಳು. "ನಿಮಗೆ ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?" ಎಂದು ಹುಚ್ಚಮ್ಮ ಎಲೆಯನ್ನು ಬಾಯಿಗಿಟ್ಟುಕೊಂಡರು. ಬಾಯಿ ತುಂಬ ಎಲೆಅಡಿಕೆ ಇರುವವರಿಂದ ಮುಂದೆ ಉತ್ತರ ಬರುವುದಿಲ್ಲ.

ಆಮೇಲಿನ ತಿಂಗಳುಗಳಲ್ಲಿ ವೇದಾ ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡಿದಳು. ಮೂಲೆ ಅಂಗಡಿಯವನು ಅರ್ಧ ಕಿಲೋ ಹುಣಸೆಹಣ್ಣು ತೂಗುವಾಗ, "ಅಡಿಗೆಗೋ, ಗಡಿಯಾರಕ್ಕೋ?" ಎಂದು ಕೇಳುತ್ತಿದ್ದ. ಕಲ್ಲಮ್ಮ ತನ್ನ ಹಿತ್ತಾಳೆ ಕೊಡವನ್ನು ತಂದು, "ನಿಮ್ಮ ಕೈಗುಣ ಚೆನ್ನಾಗಿದೆ ವೇದಕ್ಕ" ಎಂದು ಬಿಟ್ಟು ಹೋದಳು. ಸಿದ್ದುವಿನ ಮನೆಗೆ ಅವಳೇ ಹೋಗಿ ಅವನ ಹೆಂಡತಿಯ ಎದುರು ತಪ್ಪಾಯಿತೆಂದಳು. ಅವನು ಟೀ ಮಾಡಿಸಿ ಕೊಟ್ಟ. ಆ ಟೀ ಇಳಿಸುವುದು ಅವಳಿಗೆ ಮುದ್ದೆಗಿಂತ ಕಷ್ಟವಾಯಿತು. ಮನೋಹರ ಮೂರು ವಾರ ಮಾತನಾಡಲಿಲ್ಲ. ನಾಲ್ಕನೆಯ ವಾರ, "ಸಾರಿಗೆ ಹುಳಿ ಕಡಿಮೆ" ಎಂದ. ಅಷ್ಟಕ್ಕೇ ಅವಳು ಒಳಗೆ ಹೋಗಿ ಅತ್ತಳು.

ವರ್ಷದ ಎಡೆ ಬಂತು. ಷಣ್ಮುಖಪ್ಪನ ಕಾನೂನಿನಂತೆ ಊಟ ಒಂದು ಗಂಟೆಗೆ. ನೆಂಟರು ಹನ್ನೆರಡೂವರೆಗೇ ಸಾಲಾಗಿ ಕೂತಿದ್ದರು. ಹೊನ್ನಯ್ಯನವರ ಫೋಟೋದ ಮುಂದೆ ಕೋಳಿಸಾರು, ಮುದ್ದೆ, ಬೀಡಿ. ಗಡಿಯಾರ ಮಾತ್ರ ಇರಲಿಲ್ಲ. ಅದನ್ನು ಇಡಲು ವೇದಾಳಿಗೆ ಧೈರ್ಯವಾಗಿರಲಿಲ್ಲ, ಮನೋಹರ ಕೇಳಿರಲಿಲ್ಲ. ಅವನು ಬಿಳಿ ಅಂಗಿ ತೊಟ್ಟು, ನಡುಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

ಆಚೆ ಬೀದಿಯ ಶಾಲೆಯಲ್ಲಿ ಊಟದ ಗಂಟೆ ಬಾರಿಸಿತು. ಢಣ್ ಢಣ್ ಢಣ್.

ಗಂಟೆ ನಿಂತ ಮೇಲೆ ಮನೋಹರ ಅಂಗಿಯ ಜೇಬಿಗೆ ಕೈ ಹಾಕಿದ. ಸರಪಣಿ ಮೊದಲು ಬಂತು, ಆಮೇಲೆ ಅಪ್ಪನ ಗಡಿಯಾರ. ಅದನ್ನು ಎದೆಗೆ ಹತ್ತಿರ ಹಿಡಿದು, ಮುಚ್ಚಳ ಅರ್ಧ ತೆರೆದು, ಹುಬ್ಬು ಗಂಟಿಕ್ಕಿ ನೋಡಿದ. ಷಣ್ಮುಖಪ್ಪ ಬಿಸ್ಕತ್ತಿನ ಪೊಟ್ಟಣ ಮುಟ್ಟಿ ನೋಡಿಕೊಂಡರು.

"ಒಂದು ಗಂಟೆ," ಎಂದ. "ಎಲೆ ಹಾಕಿ."

ಎಲೆ ಹಿಡಿದು ನಿಂತಿದ್ದ ವೇದಾ ಅತ್ತೆಯ ಕಡೆ ನೋಡಿದಳು. ಹುಚ್ಚಮ್ಮ ಫೋಟೋದ ಕಡೆ ನೋಡುತ್ತಿದ್ದರು.

"ಥೇಟ್ ಅವರಪ್ಪನೇ," ಎಂದರು.